ಮಿಸ್ ವೇವ್ನಿಯ ಮುಂದಿನ ಮೆಟ್ಟಿಲು

ವೇವ್ನಿ ಸೆಂಪಲ್ ತನ್ನ ಮನೆಯ ಹಿಂದಿನ ಮೆಟ್ಟಿಲನ್ನು ಎಂದೂ ತುಳಿದವಳಲ್ಲ. ಅದು ಮೀನಿನವಳಿಗೆ, ಸೌದೆಯವನಿಗೆ, ಕೈಸಾಲ ಕೇಳಲು ಬರುವ ದಾಯಾದಿಗಳಿಗೆ ಇದ್ದದ್ದು. ಬರ್ಬೀಸ್ ನದಿಯ ದಡದ ನ್ಯೂ ಆಮ್‌ಸ್ಟರ್‌ಡಾಮ್ ಪಟ್ಟಣದಲ್ಲಿ ಮನೆಗಳೆಲ್ಲ ಮರದವು. ನೀರು ನುಗ್ಗೀತೆಂದು ಆಳೆತ್ತರದ ಕಂಬಗಳ ಮೇಲೆ ನಿಂತವು. ಒಳಗೆ ಏನಿದೆ, ಏನಿಲ್ಲ ಎಂಬುದು ಬೀದಿಗೆ ಕಾಣುವುದಿಲ್ಲ. ಕಾಣುವುದು ಮುಂದಿನ ಮೆಟ್ಟಿಲು. ಪಾದ್ರಿ, ಡಾಕ್ಟರು, ಹೆಣ್ಣು ಕೇಳಲು ಬಂದವರು, ಹೆಣ ಹೊರಲು ಬಂದವರು ಎಲ್ಲರೂ ಮುಂದಿನಿಂದಲೇ ಹತ್ತಬೇಕು. ಹಿಂದಿನಿಂದ ಹತ್ತಿದವನು ಒಂದೋ ಆಳು, ಇಲ್ಲವೇ ಕಳ್ಳ.

ಸೆಂಪಲ್ ಮನೆಯ ಮುಂದಿನ ಮೆಟ್ಟಿಲು ಸಾಮಾನ್ಯದ್ದಲ್ಲ. ವೇವ್ನಿಯ ಅಪ್ಪ ಹಡಗುಕಟ್ಟೆಯಲ್ಲಿ ಗುಮಾಸ್ತನಾಗಿದ್ದವನು. ಸಂಬಳಕ್ಕಿಂತ ದೊಡ್ಡ ಆಸೆಯ ಮನುಷ್ಯ. ಮೇಲ್ಗಡೆಯ ಕಾಡಿನಿಂದ ನದಿಯಲ್ಲಿ ತೇಲಿಸಿ ತಂದ ಗ್ರೀನ್‌ಹಾರ್ಟ್ ಮರದಲ್ಲಿ ಅಗಲವಾದ ಮೆಟ್ಟಿಲು, ಎರಡೂ ಬದಿಗೆ ಕಡೆದ ಗುಂಡುಗಂಬಿಗಳ ಕಟಾಂಜನ, ಕೆಳಗಿನ ಎರಡು ಕಂಬಗಳ ತಲೆಯ ಮೇಲೆ ಎಲೆಯ ಸಮೇತ ಕೆತ್ತಿದ ಒಂದೊಂದು ಅನಾನಸ್ ಹಣ್ಣು ಮಾಡಿಸಿದ. ಅಷ್ಟು ಮಾಡಿಸುವ ಹೊತ್ತಿಗೆ ಹಣ ಮುಗಿದು, ಮನೆಯೊಳಗೆ ಕುರ್ಚಿಗಳಿಗೆ ವರ್ಷಗಟ್ಟಲೆ ಕಾಯಬೇಕಾಯಿತು. ಬೀದಿಯಲ್ಲಿ ಹೋಗುವವರಿಗೆ ಇದು ತಿಳಿಯುವಂತಿರಲಿಲ್ಲ.

ಅಪ್ಪ ಹೋದ, ಅಮ್ಮ ಹೋದಳು, ತಮ್ಮ ಜಾರ್ಜ್‌ಟೌನ್ ಸೇರಿದ. ವೇವ್ನಿ ಪಟ್ಟಣದ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಕೆಲಸಕ್ಕಿದ್ದು, ಪಿಂಚಣಿ ಬರುವ ತನಕ ಹಾಸುಬಟ್ಟೆ, ದಿಂಬಿನ ಚೀಲಗಳನ್ನು ಕಾದಳು. ಕೊಳಕು ಹಾಸು ತಂದುಕೊಡದೆ ಹೊಸದು ಕೇಳಲು ಡಾಕ್ಟರಿಗೂ ಧೈರ್ಯವಿರಲಿಲ್ಲ. ಮನೆಯಲ್ಲೂ ಅದೇ ಕಟ್ಟುನಿಟ್ಟು. ಮೆಟ್ಟಿಲ ತುದಿಯಲ್ಲಿ, ಮುಂಬಾಗಿಲಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಯಾರು ಮೇಲೆ ಬರಬಹುದು, ಯಾರು ಕೆಳಗಿನಿಂದಲೇ ಹೇಳಿ ಹೋಗಬಹುದು ಎಂದು ತೀರ್ಮಾನಿಸುತ್ತಿದ್ದಳು.

ಕೆಳಗಿನಿಂದಲೇ ಹೇಳುತ್ತಿದ್ದವರಲ್ಲಿ ಕಾಂಪ್ಟನ್ ಹೈಂಡ್ಸ್ ಒಬ್ಬ. ನದಿ ದಾಟಿಸುವ ಹಡಗಿನಲ್ಲಿ ಹಗ್ಗ ಎಸೆಯುವ ಕೆಲಸದಿಂದ ಹಿಡಿದು ಚುಕ್ಕಾಣಿ ಹಿಡಿಯುವ ಕೆಲಸದವರೆಗೆ ಏರಿ ನಿವೃತ್ತನಾದವನು. ಕ್ಯಾಪ್ಟನ್ ಆಗಿರಲಿಲ್ಲ, ಆದರೆ ಊರು ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿತ್ತು, ಅವನು ತಿದ್ದುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಭಾನುವಾರ ಚರ್ಚಿನಿಂದ ಹೊರಟು, ವೇವ್ನಿಯ ಮೆಟ್ಟಿಲ ಬುಡದಲ್ಲಿ ನಿಂತು, ಎಡಗೈಯನ್ನು ಅನಾನಸಿನ ಮೇಲಿಟ್ಟು, ಮಳೆ, ಉಪದೇಶ, ಮೀನಿನ ರೇಟು ಎಲ್ಲವನ್ನೂ ಮಾತನಾಡಿ ಹೋಗುತ್ತಿದ್ದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಅವನು ಮುಖ ನೋಡದೆ ಮಾತನಾಡುವುದನ್ನು ವೇವ್ನಿ ಒಳ್ಳೆಯ ಸಂಸ್ಕಾರವೆಂದು ತಿಳಿದಿದ್ದಳು.

"ಮೇಲೆ ಬರಬಹುದಾ, ಮಿಸ್ ವೇವ್ನಿ?" ಎಂದು ಅವನು ಆಗಾಗ ಕೇಳುವುದಿತ್ತು.

"ಮೆಟ್ಟಿಲು ಲಡ್ಡಾಗಿದೆ ಕ್ಯಾಪ್ಟನ್. ನೀವು ಬಿದ್ದು ಕಾಲು ಮುರ್ಕೊಂಡ್ರೆ ಊರಿಗೆ ಉತ್ತರ ಹೇಳೋಳು ನಾನು. ರಿಪೇರಿ ಆಗ್ಲಿ."

ಇದು ನೆಪವಲ್ಲ. ಮೆಟ್ಟಿಲಿಗೆ ನಿಜವಾಗಿಯೂ ಮುಪ್ಪು ಹಿಡಿದಿತ್ತು. ಗ್ರೀನ್‌ಹಾರ್ಟ್ ಕೊಳೆಯದು ಎನ್ನುತ್ತಾರೆ, ಆದರೆ ನಡುವೆ ಯಾವನೋ ಬಡಗಿ ತೇಪೆ ಹಾಕಿದ ಕೀಳುಮರ ಗೆದ್ದಲಿಗೆ ಹೋಗಿತ್ತು. ಕಂಬಿಗಳು ಸಡಿಲಾಗಿ ಹಲ್ಲಿನಂತೆ ಅಲುಗುತ್ತಿದ್ದವು. ವಾರ್ನಿಷ್ ಹಾವಿನ ಪೊರೆಯಂತೆ ಸುಲಿದು ಬರುತ್ತಿತ್ತು. ಬೇರೆಯವರಾಗಿದ್ದರೆ ಒಬ್ಬ ಬಡಗಿಯನ್ನು ಕರೆಸಿ ಕೆಲಸ ಮುಗಿಸುತ್ತಿದ್ದರು. ವೇವ್ನಿಯೂ ಕರೆಸಿದಳು. ಬಂದವನು ಓವಿಡ್ ಲ್ಯಾಶ್ಲಿ.

ಲ್ಯಾಶ್ಲಿ ಒಳ್ಳೆಯ ಬಡಗಿ. ಇದನ್ನು ಅವನ ಶತ್ರುಗಳೂ ಒಪ್ಪುತ್ತಿದ್ದರು. ಅವನ ಶತ್ರುಗಳೆಂದರೆ ಅವನಿಗೆ ಕೆಲಸ ಕೊಟ್ಟವರೆಲ್ಲ. ಪಟ್ಟಣದ ಬಡಗಿಗಳಲ್ಲಿ ಒಂದು ಕಟ್ಟಳೆಯಿತ್ತು: ಒಬ್ಬ ಬಿಚ್ಚಿದ ಕೆಲಸಕ್ಕೆ ಇನ್ನೊಬ್ಬ ಕೈಹಾಕುವಂತಿಲ್ಲ. ಲ್ಯಾಶ್ಲಿ ಈ ಕಟ್ಟಳೆಯನ್ನು ಪೂರ್ತಿ ಬಳಸಿಕೊಂಡ. ಯಾರ ಮನೆಗೆ ಕರೆದರೂ ಅದೇ ದಿನ ಹೋಗುವನು, ತಲೆದೂಗುವನು, ಒಂದು ಹಲಗೆಯನ್ನು ಮೀಟಿ ಕಿತ್ತು ಕಂಕುಳಲ್ಲಿಟ್ಟುಕೊಂಡು ಹೊರಟುಹೋಗುವನು. ಅಲ್ಲಿಗೆ ಆ ಕೆಲಸ ಅವನದಾಯಿತು. ಮಾಡುವುದು ಯಾವಾಗ ಎಂಬುದು ಬೇರೆ ಮಾತು. ಹೀಗೆ ಅರ್ಧ ಪಟ್ಟಣದ ಒಂದೊಂದು ಹಲಗೆ ಅವನ ಅಂಗಳದಲ್ಲಿತ್ತು, ಅರ್ಧ ಪಟ್ಟಣ ಒಂದೊಂದು ಮೆಟ್ಟಿಲನ್ನು ಹಾರಿ ದಾಟಿ ಮನೆ ಸೇರುತ್ತಿತ್ತು.

ವೇವ್ನಿಯ ಹಲಗೆ ಅವನ ಬಳಿ ಹಲವು ಮಳೆಗಾಲ ಕಳೆಯಿತು. ಕೊನೆಗೊಂದು ದಿನ, ಯಾವ ಮುನ್ಸೂಚನೆಯೂ ಇಲ್ಲದೆ, ಕತ್ತೆಗಾಡಿಯೊಂದಿಗೆ ಬಂದು, ಇಡೀ ಮೆಟ್ಟಿಲನ್ನೇ ಮನೆಯಿಂದ ಬಿಡಿಸಿದ.

"ಇದನ್ನ ನಿಂತಲ್ಲೇ ಮಾಡೋಕಾಗಲ್ಲ ಮಿಸ್ ವೇವ್ನಿ. ಅಂಗಳದಲ್ಲಿ ಅಂಗಾತ ಮಲಗಿಸಿ, ಹತ್ತರಿ ಹೊಡೆದು, ಉಜ್ಜಿ, ಆಮೇಲೆ ವಾರ್ನಿಷ್. ಮನುಷ್ಯರಿಗೆ ಆಪರೇಷನ್ ಮಾಡೋವಾಗ ನಿಲ್ಲಿಸಿ ಮಾಡ್ತಾರಾ? ನಿಮಗೆ ಗೊತ್ತಲ್ಲ, ಆಸ್ಪತ್ರೇಲಿದ್ದವರು."

"ನಾನು ಇಳಿಯೋದು ಹೇಗೋ?"

"ಹಿಂದಿನ ಮೆಟ್ಟಿಲು ಇದೆಯಲ್ಲ."

ವೇವ್ನಿ ಅವನನ್ನು ನೋಡಿದ ನೋಟಕ್ಕೆ ಕತ್ತೆ ತಲೆ ತಗ್ಗಿಸಿತು. ಲ್ಯಾಶ್ಲಿ ತಗ್ಗಿಸಲಿಲ್ಲ. ಗಾಡಿ ಹೊರಟಿತು.

ಅಂದಿನಿಂದ ಅವಳು ಮನೆಯಿಂದ ಹೊರಗೆ ಬರಲಿಲ್ಲ. ಮೀನಿನವಳು ಹಿಂದಿನಿಂದ ಮೀನು ತಂದಳು, ಬ್ರೆಡ್ಡಿನವನಿಗೆ ಮುಂಬಾಗಿಲಿನಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸಿದಳು. ಚರ್ಚಿಗೆ ಹೋಗಲಿಲ್ಲ, ಕಿಟಕಿ ತೆರೆದಿಟ್ಟು, ಗಾಳಿ ಈ ಕಡೆ ಬೀಸಿದಾಗ ಕೇಳಿಸಿದಷ್ಟು ಹಾಡಿಗೆ ದನಿಗೂಡಿಸಿದಳು. ಬಾಗಿಲ ಹೊಸ್ತಿಲ ಆಚೆ ಬರೀ ಗಾಳಿ. ಅದರ ಅಂಚಿಗೇ ಕುರ್ಚಿ ಹಾಕಿಕೊಂಡು ಎಂದಿನಂತೆ ಕೂತಳು.

ಮೊದಲ ಭಾನುವಾರ ಕ್ಯಾಪ್ಟನ್ ಬಂದವನು ಅನಾನಸಿಗೆಂದು ಕೈಚಾಚಿ, ಅದು ಸಿಗದೆ ಮುಗ್ಗರಿಸಿದ.

"ಜೋಪಾನ! ಮೆಟ್ಟಿಲು ಲ್ಯಾಶ್ಲಿ ಅಂಗಳಕ್ಕೆ ಹೋಗಿದೆ," ಎಂದಳು ಮೇಲಿನಿಂದ.

ಕ್ಯಾಪ್ಟನ್ ಟೋಪಿ ತೆಗೆದ. "ಹಾಗಾದ್ರೆ ನಿಜವಾಗ್ಲೂ ರಿಪೇರಿ ಆಗ್ತಿದೆ. ಒಳ್ಳೇದು. ಅದು ವಾಪಸು ನಿಂತ ದಿನ ಹತ್ತಿ ಬರ್ತೀನಿ. ಬಂದು ಕೇಳಬೇಕಾದ್ದನ್ನ ಕೇಳ್ತೀನಿ. ಕೆಳಗೆ ನಿಂತು ಕೇಳೋ ಮಾತಲ್ಲ ಅದು."

"ನೋಡೋಣ," ಎಂದಳು ವೇವ್ನಿ. ಒಳಗೆ ಹೋಗಿ, ಪೆಟ್ಟಿಗೆಯಿಂದ ಅಮ್ಮನ ಕಸೂತಿ ಮೇಜುಬಟ್ಟೆ ತೆಗೆದು ಬಿಸಿಲಿಗೆ ಹಾಕಿದಳು. ಅವಳ ಬಾಯಿಂದ ಬಂದದ್ದು ಅಷ್ಟೇ ಆದರೂ, ಆ ದಿನದಿಂದ ಶುಂಠಿ ಬಿಯರಿಗೆ ಶುಂಠಿ ಜಜ್ಜಿಟ್ಟು, ಹುಳಿಯುತ್ತಿದ್ದಂತೆ ಚೆಲ್ಲಿ, ಮತ್ತೆ ಜಜ್ಜಿಡುತ್ತಿದ್ದಳು. ಯಾವ ದಿನ ಬರುವನೋ ಎಂದು ಸಿದ್ಧವಾಗಿರಬೇಕಲ್ಲ.

ಹಾಗಿರುವಾಗ ಒಂದು ಶನಿವಾರ ಬೆಳಿಗ್ಗೆ ಕುರ್ಚಿಯಲ್ಲಿ ಕೂತವಳಿಗೆ ಅದೇ ಬೀದಿಯ, ಅದೇ ಸಾಲಿನ, ಕ್ಯಾಪ್ಟನ್ ಬರುವ ದಾರಿಯಲ್ಲಿ ಸ್ವಲ್ಪ ಮೊದಲೇ ಸಿಗುವ ಮನೆಯ ಮುಂದೆ ತನ್ನ ಮೆಟ್ಟಿಲು ನಿಂತಿರುವುದು ಕಂಡಿತು. ಅದು ಐರಿಸ್ ಪಾಲಿಡೋರಳ ಮನೆ. ಎರಡು ಗಂಡಂದಿರನ್ನು ಮಣ್ಣು ಮಾಡಿ, ದಪ್ಪಗೆ ಗೆಲುವಾಗಿ ಇದ್ದ ವಿಧವೆ, ಚರ್ಚಿನವರ ಬಾಯಲ್ಲಿ ಸಿಸ್ಟರ್ ಐರಿಸ್. ಮೆಟ್ಟಿಲು ಹೊಳೆಯುತ್ತಿತ್ತು. ಅನಾನಸಿನ ಒಂದೊಂದು ಕಣ್ಣೂ ಹೊಳೆಯುತ್ತಿತ್ತು. ಲ್ಯಾಶ್ಲಿ ಉಳಿ ಸುತ್ತಿಗೆಗಳನ್ನು ಚೀಲಕ್ಕೆ ತುಂಬಿಕೊಂಡು ಈ ಕಡೆಗೇ ಬರುತ್ತಿದ್ದ.

"ಲ್ಯಾಶ್ಲಿ! ಅದು ನನ್ನ ಮೆಟ್ಟಿಲಲ್ವೇನೋ?"

"ಹೌದು ಮಿಸ್ ವೇವ್ನಿ! ಹೆಂಗೆ ಮಿಂಚ್ತಿದೆ ನೋಡಿ. ದೂರದಿಂದ ನೋಡಿದ್ರೇ ಅದರ ಚೆಂದ."

"ಅಲ್ಲೇನು ಮಾಡ್ತಿದೆ ಅದು?"

"ನಿಂತಿದೆ. ಮೆಟ್ಟಿಲು ಇನ್ನೇನು ಮಾಡುತ್ತೆ?" ಅವನು ಅವಳ ಗೇಟಿನ ಮುಂದಿನ ಕಾಲುವೆಯ ಕಿರುಸೇತುವೆಯ ಮೇಲೆ ಚೀಲ ಇಳಿಸಿದ. "ಇವತ್ತು ಮಧ್ಯಾಹ್ನ ರೆವರೆಂಡ್ ಗ್ರಿಫಿತ್ ಅವರು ಸಿಸ್ಟರ್ ಐರಿಸ್ ಮನೆಗೆ ಚಹಾಕ್ಕೆ ಬರ್ತಿದ್ದಾರೆ. ಅವರ ಮೆಟ್ಟಿಲನ್ನ ನಾನು ಬಿಚ್ಚಿಬಿಟ್ಟಿದ್ದೀನಿ. ನಿಮ್ಮದು ತಯಾರಾಗಿತ್ತು. ಸೋಮವಾರ ತಂದು ನಿಲ್ಲಿಸ್ತೀನಿ."

"ಯಾರನ್ನ ಕೇಳಿ ಕೊಟ್ಟೆ?"

"ಪಾದ್ರೀನ ಹಿಂದಿನಿಂದ ಹತ್ತಿಸೋಕಾಗುತ್ತಾ ಮಿಸ್ ವೇವ್ನಿ? ನೀವೇ ಹೇಳಿ."

ಪಾದ್ರಿಯನ್ನು ಹಿಂದಿನಿಂದ ಹತ್ತಿಸಲು ಸಾಧ್ಯವೇ ಇರಲಿಲ್ಲ. ಅದನ್ನು ಅವಳಿಗಿಂತ ಚೆನ್ನಾಗಿ ತಿಳಿದವರು ಆ ಪಟ್ಟಣದಲ್ಲಿ ಇರಲಿಲ್ಲ.

ಲ್ಯಾಶ್ಲಿ ಅಲ್ಲಿಂದ ನೇರ ರಮ್ಮಿನಂಗಡಿಗೆ ಹೋದ. ಅಲ್ಲಿ ಕ್ಯಾಪ್ಟನ್ ಸಿಕ್ಕಿದ. "ಮಿಸ್ ವೇವ್ನಿ ಮೆಟ್ಟಿಲು ಮುಗೀತು ಕ್ಯಾಪ್ಟನ್. ನಿಲ್ಲಿಸಿಯೂ ಆಯ್ತು," ಎಂದ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಎಲ್ಲಿ ಎಂದು ಕ್ಯಾಪ್ಟನ್ ಕೇಳಲಿಲ್ಲ. ಮನೆಯ ಮೆಟ್ಟಿಲು ಎಲ್ಲಿ ನಿಂತಿದೆ ಎಂದು ಯಾರೂ ಕೇಳುವುದಿಲ್ಲ.

ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಪಾದ್ರಿ ಐರಿಸಳ ಮನೆಗೆ ಹತ್ತಿಹೋದರು. ಅದಾದ ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ಹೈಂಡ್ಸ್ ಬೀದಿಯ ತುದಿಯಲ್ಲಿ ಕಾಣಿಸಿಕೊಂಡ. ಮದುವೆಯ ಕರಿ ಸೂಟು, ಬಿಳಿ ಕೈವಸ್ತ್ರ. ಎಡಗೈಯಿಂದ ಬೇಲಿಗಳನ್ನು ಸವರುತ್ತ ಬಂದ. ಆ ಬೀದಿಯಲ್ಲಿ ಅನಾನಸ್ ಕೆತ್ತಿದ ಕಂಬ ಒಂದೇ ಜೋಡಿ. ಅದು ಕೈಗೆ ಸಿಕ್ಕ ಕಡೆ ನಿಲ್ಲುವುದು ಅವನ ಎಷ್ಟೋ ವರ್ಷದ ರೂಢಿ. ಪಾದ್ರಿ ತೆರೆದುಬಿಟ್ಟಿದ್ದ ಐರಿಸಳ ಗೇಟಿನ ಒಳಗೆ ಅವನ ಕೈಗೆ ಅನಾನಸ್ ಸಿಕ್ಕಿತು.

ವೇವ್ನಿ ಎದ್ದು ನಿಂತಳು. ಅವಳ ಮುಂದೆ ಇದ್ದದ್ದು ಎರಡೇ ದಾರಿ. ಕೂಗಬಹುದಿತ್ತು. ಬಡಗಿಯನ್ನು ಕೂಗುವುದು ಬೇರೆ. ಇನ್ನೊಬ್ಬಳ ಮನೆ ಹತ್ತುತ್ತಿರುವ ಗಂಡಸನ್ನು ಬೀದಿಗೆಲ್ಲ ಕೇಳುವಂತೆ ಹೆಸರು ಹಿಡಿದು ಕೂಗಿದರೆ, ಸೆಂಪಲ್ ಮನೆತನದ ಮಾನ ಆ ಕಾಲುವೆಯಲ್ಲಿ ತೇಲಿಹೋಗುತ್ತಿತ್ತು. ಇಲ್ಲವೇ ಹಿಂದಿನ ಮೆಟ್ಟಿಲಿಳಿದು ಓಡಬಹುದಿತ್ತು.

ಅವಳು ಕೆಮ್ಮಿದಳು. ಆಸ್ಪತ್ರೆಯ ಓಣಿಗಳಲ್ಲಿ ಕೆಲಸದವರನ್ನು ನಡುಗಿಸಿದ ಕೆಮ್ಮು ಅದು. ಕ್ಯಾಪ್ಟನ್ ಕೆಮ್ಮು ಬಂದ ದಿಕ್ಕಿಗೆ ಸೌಜನ್ಯದಿಂದ ಟೋಪಿ ಎತ್ತಿ, ಮೆಟ್ಟಿಲು ಹತ್ತಿದ.

ಆಗ ವೇವ್ನಿ ಹಿತ್ತಿಲ ಬಾಗಿಲು ತೆರೆದಳು. ಹಿಂದಿನ ಮೆಟ್ಟಿಲ ಮೇಲೆ ಮೀನಿನ ಹುರುಪೆ ಅಂಟಿತ್ತು, ನಡುವೆ ಒಂದು ಕೋಳಿ ಕೂತಿತ್ತು. ಕೋಳಿ ಜಾಗ ಬಿಡಲಿಲ್ಲ. ವೇವ್ನಿ ಅದನ್ನು ದಾಟಿ, ಅಡ್ಡಡ್ಡವಾಗಿ ಇಳಿದು, ಮನೆಯ ಅಡಿಯ ಕಂಬಗಳ ನಡುವೆ ನುಸುಳಿ ಬೀದಿಗೆ ಬಂದಳು. ಬೀದಿಯಲ್ಲಿದ್ದವರು ಅವಳು ಎಲ್ಲಿಂದ ಬಂದಳೆಂದು ನೋಡಿದರು. ನೋಡಲಿ ಎಂದು ನಡೆದಳು.

ತನ್ನ ಮೆಟ್ಟಿಲನ್ನು ಅವಳು ಇನ್ನೊಬ್ಬಳ ಮನೆಗೆ ಹತ್ತಿದಳು. ಒಂದು ಹಲಗೆಯೂ ಕಿರುಗುಟ್ಟಲಿಲ್ಲ. ಕೈಯಡಿಯಲ್ಲಿ ಕಟಾಂಜನ ಮಗುವಿನ ಕೆನ್ನೆಯಷ್ಟು ನುಣುಪಾಗಿತ್ತು. ಆ ಸಿಟ್ಟಿನಲ್ಲೂ ಲ್ಯಾಶ್ಲಿಯ ಕೆಲಸಕ್ಕೆ ಹೆಸರಿಡಲು ಅವಳಿಂದ ಆಗಲಿಲ್ಲ.

ಒಳಗೆ ಬಿದಿರಿನ ತೆರೆಗಳ ಮಬ್ಬಿನಲ್ಲಿ ಪಾದ್ರಿ ಕೇಕಿನ ತುಂಡು ಹಿಡಿದು ಕೂತಿದ್ದರು. ಕ್ಯಾಪ್ಟನ್ ಎದೆಗೆ ಟೋಪಿ ಒತ್ತಿಕೊಂಡು ನಿಂತಿದ್ದ. ಐರಿಸ್ ಅವನ ಇನ್ನೊಂದು ಕೈಯನ್ನು ಹಿಡಿದಿದ್ದಳು.

"ಬಾ ಬಾ ಸಿಸ್ಟರ್ ವೇವ್ನಿ! ಸರಿಯಾದ ಹೊತ್ತಿಗೆ ಬಂದೆ," ಎಂದಳು ಐರಿಸ್. "ಕ್ಯಾಪ್ಟನ್ ನನ್ನ ಮದುವೆ ಆಗ್ತೀಯಾ ಅಂತ ಕೇಳಿದ್ರು. ನಾನು ಒಂದೇ ಮಾತು, ಹೂಂ ಅಂದೆ. ರೆವರೆಂಡ್ ಅವರು ಈಗ ತಾನೆ ಆಶೀರ್ವಾದ ಮಾಡಿದ್ರು."

ಕ್ಯಾಪ್ಟನ್ನನ ತಲೆ ವೇವ್ನಿಯ ಹೆಸರು ಬಂದ ಕಡೆಗೆ ತಿರುಗಿತು. "ಸಿಸ್ಟರ್... ಯಾರು?"

"ನಾನು, ಕ್ಯಾಪ್ಟನ್," ಎಂದಳು ವೇವ್ನಿ ಬಾಗಿಲಿನಿಂದ.

ಅವನು ತನ್ನ ಕೈಯನ್ನು ಐರಿಸಳಿಂದ ನಿಧಾನವಾಗಿ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. "ಹಾಗಾದ್ರೆ ಈ ಕೈ ಯಾರದ್ದು?"

"ಏನು ಕೇಳಿದ್ರಿ ನೀವು, ಸರಿಯಾಗಿ ಹೇಳಿ," ಎಂದಳು ವೇವ್ನಿ.

ಹೇಳಿದವರು ಪಾದ್ರಿ. ಅವರಿಗೆ ನೆನಪಿನ ಶಕ್ತಿ ಚೆನ್ನಾಗಿತ್ತು. "'ಮ್ಯಾಡಮ್, ನನಗೆ ಪಿಂಚಣಿ ಇದೆ, ಹಲ್ಲಿವೆ, ಭಾನುವಾರ ಕುಡಿಯೋದಿಲ್ಲ. ಇಷ್ಟು ವರ್ಷ ನಿಮ್ಮ ಮೆಟ್ಟಿಲ ಕೆಳಗೆ ನಿಂತು ಮಾತಾಡಿದ್ದು ಸಾಕು, ಉಳಿದದ್ದನ್ನ ಒಂದೇ ಸೂರಿನಡಿ ಆಡೋಣ ಅಂತ ಕೇಳೋಕೆ ಬಂದಿದ್ದೀನಿ.' ಹೀಗೆ ಹೇಳಿದರು. ಬಹಳ ಗಂಭೀರವಾಗಿತ್ತು."

"ಅವರು ನಿನ್ನ ಮೆಟ್ಟಿಲ ಕೆಳಗೆ ಯಾವತ್ತಾದ್ರೂ ನಿಂತಿದ್ರಾ ಐರಿಸ್?"

"ಕೆಳಗೆ ಯಾರ್ಯಾರೋ ನಿಂತಿರ್ತಾರೆ. ನಾನೇನು ಪೋಲೀಸಾ, ಬಗ್ಗಿ ಬಗ್ಗಿ ನೋಡೋಕೆ?"

"ಅವರು ಹೇಳಿದ್ದು 'ನಿಮ್ಮ ಮೆಟ್ಟಿಲು' ಅಂತ. ಈ ಮೆಟ್ಟಿಲು ನನ್ನದು. ಹಾಗಾಗಿ ಮಾತೂ ನನ್ನದು."

"ಹೇಳಿದ್ದು ನನ್ನ ಮನೇಲಿ. ಕೇಳಿಸ್ಕೊಂಡಿದ್ದು ನನ್ನ ಕಿವಿ. ಹೂಂ ಅಂದಿದ್ದು ನಾನು. ನೀನೇನಂದೆ? ನೋಡೋಣ ಅಂದೆಯಂತೆ, ಬೀದಿಗೆಲ್ಲ ಕೇಳಿಸಿದೆ!"

ಎಲ್ಲರೂ ಪಾದ್ರಿಯತ್ತ ನೋಡಿದರು. ಅವರು ಕೇಕನ್ನು ತಟ್ಟೆಗಿಟ್ಟು, ಬೆರಳು ಒರೆಸಿಕೊಂಡು, ಬಹಳ ಯೋಚಿಸಿದರು. "ಪ್ರಶ್ನೆ ಜಟಿಲವಾಗಿದೆ. ಮನೆಯ ಒಡತಿ ಸಿಸ್ಟರ್ ಐರಿಸ್. ದಾರಿಯ ಒಡತಿ ಸಿಸ್ಟರ್ ವೇವ್ನಿ. ಮಾತು ಮನೆಗೆ ಸೇರುತ್ತದೋ ದಾರಿಗೆ ಸೇರುತ್ತದೋ ಎಂಬ ಬಗ್ಗೆ ನಮ್ಮ ಸಭೆಯ ನಿಯಮದಲ್ಲಿ ಏನೂ ಇಲ್ಲ. ಆದರೆ ನಾನು ಆಶೀರ್ವದಿಸಿದ್ದೇನೆ. ಅದನ್ನು ವಾಪಸು ತೆಗೆದುಕೊಳ್ಳುವ ಪದ್ಧತಿಯಿಲ್ಲ."

"ನನ್ನನ್ನ ಯಾರೂ ಕೇಳಲ್ವಾ?" ಎಂದ ಕ್ಯಾಪ್ಟನ್.

"ನೀವು ಕೇಳಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಸುಮ್ಮನಿರಿ," ಎಂದಳು ವೇವ್ನಿ.

ಅಷ್ಟರಲ್ಲಿ ಬೀದಿಯ ಸುದ್ದಿ ಕೇಳಿ ಲ್ಯಾಶ್ಲಿ ಓಡಿ ಬಂದಿದ್ದ. ತಾನು ಹೊಳಪು ಹಾಕಿದ ಮೆಟ್ಟಿಲ ಮೇಲೆ ಬೂಟುಗಾಲಲ್ಲಿ ತುಳಿಯಲು ಮನಸ್ಸು ಬಾರದೆ ಬೂಟುಗಳನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಐರಿಸ್ ಒಮ್ಮೆ ಅವನನ್ನು, ಒಮ್ಮೆ ಹೊರಗೆ ಹೊಳೆಯುತ್ತಿದ್ದ ಕಟಾಂಜನವನ್ನು ನೋಡಿದಳು. ಆಮೇಲೆ ಕ್ಯಾಪ್ಟನ್ನನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಎರಡು ಸಲ ಗಂಡಂದಿರನ್ನು ಆರಿಸಿದ್ದ ಹೆಂಗಸು ಅವಳು. ಸಾಮಾನಿನ ಬೆಲೆ ತಿಳಿದಿತ್ತು.

"ಒಂದು ಮಾತು ಹೇಳ್ತೀನಿ ವೇವ್ನಿ. ಗಂಡಂದಿರು ನನಗೆ ಸಿಕ್ಕಿದ್ದಾರೆ, ಸಿಗ್ತಾರೆ. ಇಂಥ ಮೆಟ್ಟಿಲು ನನಗೆ ಜನ್ಮದಲ್ಲಿ ಸಿಕ್ಕಿಲ್ಲ. ಇವತ್ತು ಇದು ನಿಂತಾಗಿಂದ ನನ್ನನ್ನ ಮಾತಾಡಿಸದೆ ಇದ್ದೋರೂ ಗೇಟಲ್ಲಿ ನಿಂತು ಮಾತಾಡಿಸ್ತಿದ್ದಾರೆ. ಇದನ್ನ ಇಲ್ಲೇ ಬಿಡು. ಕ್ಯಾಪ್ಟನ್ನ ತಗೊಂಡು ಹೋಗು. ನಾನು ಹೂಂ ಅಂದಿದ್ದನ್ನ ವಾಪಸು ತಗೋತೀನಿ. ಆಶೀರ್ವಾದ ವಾಪಸು ಬರದಿದ್ರೂ ನನ್ನ ಮಾತು ಬರುತ್ತೆ."

ಪಾದ್ರಿ ಇದನ್ನು ಪರಿಶೀಲಿಸಿ, ಅಡ್ಡಿಯಿಲ್ಲ ಎಂದರು.

ವೇವ್ನಿ ಯೋಚಿಸಿದಳು. ಮರ್ಯಾದೆಗೆ ತಕ್ಕುದಕ್ಕಿಂತ ಹೆಚ್ಚು ಹೊತ್ತೇ ಯೋಚಿಸಿದಳು. ಕ್ಯಾಪ್ಟನ್ನನ ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು. ಮೆಟ್ಟಿಲಿಲ್ಲದ ಸೆಂಪಲ್ ಮನೆ ಎಂದರೆ ಕಂಬದ ಮೇಲಿನ ಪೆಟ್ಟಿಗೆ. ಅಪ್ಪ ಊರಿಗೆ ತೋರಿಸಿದ್ದು ಅದೊಂದನ್ನೇ. ಇತ್ತ ಈ ಮನುಷ್ಯ: ಎರಡೂ ಪಾದಕ್ಕೆ ಬೇರೆ ಬೇರೆ ಕಾಲುಚೀಲ ಹಾಕಿಕೊಂಡು ಬಂದಿದ್ದಾನೆ.

"ಕ್ಯಾಪ್ಟನ್, ನಿಮಗೆ ಕಣ್ಣು ಎಷ್ಟು ಕಾಣುತ್ತೆ? ಸುಳ್ಳು ಹೇಳಬೇಡಿ."

"ಬಾಗಿಲಿನ ಬೆಳಕು ಕಾಣುತ್ತೆ. ಅದರಲ್ಲಿ ಕಪ್ಪಗೆ ನೀವು ಕಾಣ್ತೀರಿ."

"ಮುಖ?"

"ಮುಖ ಕಾಣದೆ ಬಹಳ ವರ್ಷ ಆಯ್ತು."

"ಮತ್ತೆ ಭಾನುವಾರ ಭಾನುವಾರ ಯಾಕೆ ಬರ್ತಿದ್ರಿ?"

"ಮಾತಾಡೋಕೆ. ನೀವು ಎಲ್ಲರನ್ನೂ ಬೈಯೋದು ಕೇಳೋಕೆ ಚೆನ್ನಾಗಿರುತ್ತೆ."

ವೇವ್ನಿ ಲ್ಯಾಶ್ಲಿಯ ಕಡೆ ತಿರುಗಿದಳು. "ಐರಿಸಳ ಹಳೇ ಮೆಟ್ಟಿಲು ನಿನ್ನ ಅಂಗಳದಲ್ಲಿದೆಯಲ್ಲ, ಅದನ್ನ ನನ್ನ ಮನೆಗೆ ಹಾಕು."

ಲ್ಯಾಶ್ಲಿ ಬೂಟುಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಅದು ಅಂಗಳದಲ್ಲಿಲ್ಲ ಮಿಸ್ ವೇವ್ನಿ. ಚರ್ಚಿನ ಹಾಡುಗಾರರು ನಿಲ್ಲೋ ಹೊಸ ಜಗಲಿ ಇದೆಯಲ್ಲ..."

"ಅದನ್ನು ನೀನು ಹೊಸ ಮರದಲ್ಲಿ ಮಾಡಿದ್ದು ಎಂದಿದ್ದೆ!" ಎಂದರು ಪಾದ್ರಿ.

"ನಿಮಗೆ ಹೊಸದೇ ಅಲ್ವಾ ರೆವರೆಂಡ್?"

ಪಾದ್ರಿ ಕೇಕಿನ ತುಂಡನ್ನು ಮತ್ತೆ ಕೈಗೆತ್ತಿಕೊಂಡರು. ಪಟ್ಟಣದ ಇನ್ನೂ ಏನೇನು ಎಲ್ಲೆಲ್ಲಿ ನಿಂತಿದೆಯೋ ತಿಳಿಯುವ ಆಸೆ ಅಲ್ಲಿ ಯಾರಿಗೂ ಉಳಿಯಲಿಲ್ಲ.

"ಸರಿ," ಎಂದಳು ವೇವ್ನಿ. "ನನಗೆ ಹಿಂದಿನ ಮೆಟ್ಟಿಲು ಇದೆಯಲ್ಲ. ಐರಿಸ್, ಮೆಟ್ಟಿಲು ಇಟ್ಕೋ. ಮಳೆಗಾಲಕ್ಕೆ ಮುಂಚೆ ಎಣ್ಣೆ ಹಚ್ಚು. ಅದರ ಮೇಲೆ ಮೀನು ಹೆಚ್ಚೋಕೆ ಬಿಟ್ಟೀಯಾ ಜೋಕೆ." ಹೇಳುತ್ತ ಕ್ಯಾಪ್ಟನ್ನನ ತೋಳು ಹಿಡಿದು ಬಾಗಿಲ ಕಡೆ ತಿರುಗಿಸಿದಳು. ಐರಿಸ್ ಅವನ ಕೈಬಿಟ್ಟಳು. ಬಿಡುವ ಮುನ್ನ ಒಂದು ತುಂಡು ಕೇಕು ಅದರಲ್ಲಿಟ್ಟಳು.

ಇಬ್ಬರೂ ಇಳಿಯತೊಡಗಿದರು. ಬೀದಿಯ ಜನ ಬೇಲಿಗಳ ಮೇಲೆ ಮೊಣಕೈ ಊರಿ ನೋಡುತ್ತಿದ್ದರು. ಅರ್ಧ ದಾರಿಯಲ್ಲಿ ಕ್ಯಾಪ್ಟನ್ ನಿಂತ. ಕೇಕನ್ನು ಜೇಬಿಗೆ ಹಾಕಿ, ಟೋಪಿಯನ್ನು ಎದೆಗೆ ಒತ್ತಿ, ಗಂಟಲು ಸರಿಮಾಡಿಕೊಂಡ.

"ಮ್ಯಾಡಮ್, ನನಗೆ ಪಿಂಚಣಿ..."

"ಬಾಯಿ ಮುಚ್ಚಿ!" ಎಂದಳು ವೇವ್ನಿ, ಹಲ್ಲು ಕಚ್ಚಿ. "ಈ ಮೆಟ್ಟಿಲು ಈಗ ಐರಿಸಳದ್ದು. ಇದರ ಮೇಲೆ ನೀವು ಇನ್ನೊಂದು ಮಾತಾಡಿದ್ರೆ ಅದೂ ಅವಳಿಗೇ ಹೋಗುತ್ತೆ. ಮೊದಲು ಇಳೀರಿ."

ಕ್ಯಾಪ್ಟನ್ ತುಟಿ ಬಿಗಿಹಿಡಿದು ಇಳಿದ. ಗೇಟು ದಾಟಿ, ಸಾರ್ವಜನಿಕ ರಸ್ತೆಯ ಕೆಂಪು ಮಣ್ಣಿನ ಮೇಲೆ ಎರಡೂ ಕಾಲು ಊರಿದ ಮೇಲೂ, ಅಪ್ಪಣೆಯಿಲ್ಲದೆ ಮಾತಾಡುವ ಧೈರ್ಯ ಅವನಿಗೆ ಬರಲಿಲ್ಲ. ವೇವ್ನಿ ಹಿಂದೆ ತಿರುಗಿ, ದೂರ ಸಾಕಷ್ಟಾಯಿತೆಂದು ಖಾತ್ರಿ ಮಾಡಿಕೊಂಡು, "ಹೂಂ, ಈಗ ಹೇಳಿ," ಎಂದಳು.